ಮರುಕದ ಎರಡು ಮನೆಗಳು

(ಓದುಗರ ಬಳಗವೊಂದರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಆತ್ಮೀಯರೆ,

ಎರಡು ಟೆಲಿಗ್ರಾಂಗಳ ಪ್ರಸ್ತಾಪದಿಂದ ಇಂದಿನ ಮಾತನ್ನು ಆರಂಭಿಸುತ್ತೇನೆ. ಪಶ್ಚಿಮ ಆಫ್ರಿಕದ ಬ್ರಿಟಿಷ್ ವಸಾಹತೊಂದರಲ್ಲಿ ಒಬ್ಬ ಪೊಲೀಸ್ ಅಧಿಕಾರಿ ಇದ್ದಾನೆ. ಅವನ ಒಬ್ಬಳೇ ಮಗಳು ದೂರದ ಇಂಗ್ಲೆಂಡಿನಲ್ಲಿ ಶಾಲೆಗೆ ಹೋಗುತ್ತಿದ್ದಾಳೆ. ಮಗುವಿಗೆ ಕಾಯಿಲೆ ಜೋರಾಗಿದೆ, ಆದರೆ ವೈದ್ಯರು ಆಸೆ ಬಿಟ್ಟಿಲ್ಲ ಎಂದು ಒಂದು ಟೆಲಿಗ್ರಾಂ ಹೊರಡುತ್ತದೆ. ಮಗು ತೀರಿಕೊಂಡಿತು ಎಂದು ಇನ್ನೊಂದು ಹೊರಡುತ್ತದೆ. ಅವು ಹಿಂದುಮುಂದಾಗಿ ತಲುಪುತ್ತವೆ. ಸಾವಿನ ಸುದ್ದಿಯನ್ನು ಓದಿಯಾದ ಮೇಲೆ ಆಸೆಯ ಸುದ್ದಿ ತಂದೆಯ ಕೈಗೆ ಬರುತ್ತದೆ.

ಗ್ರಹಾಂ ಗ್ರೀನ್ ಅವರು 1948ರಲ್ಲಿ ಪ್ರಕಟಿಸಿದ ‘ದಿ ಹಾರ್ಟ್ ಆಫ್ ದ ಮ್ಯಾಟರ್’ ಕಾದಂಬರಿಯಲ್ಲಿ ಈ ಸಂಗತಿ ಕೆಲವೇ ಸಾಲುಗಳಲ್ಲಿ ಬಂದುಹೋಗುತ್ತದೆ. ಮೊದಲ ಓದಿನಲ್ಲಿ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಮೂರನೆಯ ಸಲ ಓದುವಾಗ ಅಲ್ಲಿಂದ ಮುಂದೆ ಹೋಗಲು ಮನಸ್ಸಾಗಲಿಲ್ಲ. ಹೆಂಡತಿಯನ್ನೂ ಇನ್ನೊಬ್ಬ ಹೆಣ್ಣನ್ನೂ ಏಕಕಾಲಕ್ಕೆ ಪ್ರೀತಿಸುತ್ತೇನೆಂದು ನಂಬಿ, ಇಬ್ಬರಿಗೂ ಸುಳ್ಳು ಹೇಳಿ, ಕೊನೆಗೆ ತನ್ನನ್ನೇ ಕಳೆದುಕೊಳ್ಳುವ ಮನುಷ್ಯನ ಕಥೆ ಇದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ತಪ್ಪಲ್ಲ. ಆದರೆ ಆ ಮನುಷ್ಯ ಯಾವ ವಸ್ತುವನ್ನು ಪ್ರೀತಿಯೆಂದು ಕರೆದುಕೊಂಡ, ಅದು ನಿಜವಾಗಿ ಏನಾಗಿತ್ತು ಎಂಬ ಪ್ರಶ್ನೆಯೇ ಈ ಕಾದಂಬರಿಯ ಜೀವ ಎಂದು ನನಗೆ ಅನ್ನಿಸುತ್ತದೆ. ಇಂದು ಆ ಒಂದು ಪ್ರಶ್ನೆಯ ಸುತ್ತಲೇ ಮಾತನಾಡುತ್ತೇನೆ.

ಕಾದಂಬರಿಯನ್ನು ಓದದವರಿಗಾಗಿ ಕಥೆಯನ್ನು ಸ್ವಲ್ಪ ಹೇಳಬೇಕು. ಕಾಲ ಎರಡನೆಯ ಮಹಾಯುದ್ಧದ್ದು. ಊರಿಗೆ ಕಾದಂಬರಿಯಲ್ಲಿ ಹೆಸರಿಲ್ಲ. ಆದರೆ ಅದು ಸಿಯೆರಾ ಲಿಯೋನ್‌ನ ಫ್ರೀಟೌನ್ ಎಂಬುದರಲ್ಲಿ ಅನುಮಾನವಿಲ್ಲ. ಬ್ರಿಟಿಷ್ ಬೇಹುಗಾರಿಕೆ ಇಲಾಖೆಯ ಕೆಲಸದ ಮೇಲೆ ಗ್ರೀನ್ ಅವರು 1942 ಮತ್ತು 1943ರಲ್ಲಿ ಅಲ್ಲಿದ್ದರು. ತಗಡಿನ ಮಾಡುಗಳು, ಅವುಗಳ ಮೇಲೆ ಕುಳಿತ ರಣಹದ್ದುಗಳು, ಬಿಡದೆ ಸುರಿಯುವ ಮಳೆ, ಮಳೆ ನಿಂತರೆ ಬೆವರು, ಒಬ್ಬರ ಗುಟ್ಟು ಇನ್ನೊಬ್ಬರ ಮನೆಯಲ್ಲಿ ಸಂಜೆಯ ಮಾತಾಗುವ ಬಿಳಿಯರ ಸಣ್ಣ ಸಮಾಜ, ಇವೆಲ್ಲವೂ ಅವರು ಕಣ್ಣಾರೆ ಕಂಡವು. ಮೇಜರ್ ಹೆನ್ರಿ ಸ್ಕೋಬಿ ಅಲ್ಲಿನ ಪೊಲೀಸ್ ಇಲಾಖೆಯ ಡೆಪ್ಯುಟಿ ಕಮಿಷನರ್. ಲಂಚ ಮುಟ್ಟದವನೆಂದು ಹೆಸರಾದವನು. ಕಮಿಷನರ್ ಹುದ್ದೆ ತನಗೆ ಬರುವುದಿಲ್ಲ ಎಂದು ಗೊತ್ತಾದಾಗ ಅವನಿಗಿಂತ ಅವನ ಹೆಂಡತಿ ಲೂಯಿಸ್ ಹೆಚ್ಚು ಕುಗ್ಗಿಹೋಗುತ್ತಾಳೆ. ಕವಿತೆ ಓದುವ, ಗೆಳೆಯರಿಲ್ಲದ, ಮಗಳನ್ನು ಕಳೆದುಕೊಂಡ ಆ ಹೆಂಗಸಿಗೆ ಆ ಊರಿನಲ್ಲಿ ಇರಲಾಗುವುದಿಲ್ಲ. ಅವಳನ್ನು ದಕ್ಷಿಣ ಆಫ್ರಿಕಕ್ಕೆ ಕಳುಹಿಸುವ ಹಣಕ್ಕಾಗಿ ಸ್ಕೋಬಿ ಬ್ಯಾಂಕಿನಲ್ಲಿ ಕೇಳುತ್ತಾನೆ, ಸಿಗುವುದಿಲ್ಲ. ಕೊನೆಗೆ ವಜ್ರದ ಕಳ್ಳಸಾಗಣೆಯ ಸಂಶಯವಿರುವ ಯೂಸೆಫ್ ಎಂಬ ಸಿರಿಯನ್ ವ್ಯಾಪಾರಿಯಿಂದ ಸಾಲ ಪಡೆಯುತ್ತಾನೆ.

ಲೂಯಿಸ್ ಹೊರಟುಹೋದ ಮೇಲೆ ಹೆಲೆನ್ ಬರುತ್ತಾಳೆ. ಬರುತ್ತಾಳೆ ಎನ್ನುವುದಕ್ಕಿಂತ ಹೊತ್ತು ತರುತ್ತಾರೆ ಎನ್ನಬೇಕು. ಶತ್ರುಗಳು ಮುಳುಗಿಸಿದ ಹಡಗಿನಿಂದ ತಪ್ಪಿಸಿಕೊಂಡವರು ನಲವತ್ತು ದಿನ ತೆರೆದ ದೋಣಿಗಳಲ್ಲಿ ತೇಲಿ ದಡ ಸೇರುತ್ತಾರೆ. ಅವರಲ್ಲಿ ಹತ್ತೊಂಬತ್ತು ವರ್ಷದ ಈ ಹುಡುಗಿ ಸ್ಟ್ರೆಚರಿನ ಮೇಲೆ ಕಣ್ಣು ಮುಚ್ಚಿ ಮಲಗಿದ್ದಾಳೆ. ಕೈ ಎಷ್ಟು ಬಡಕಲಾಗಿದೆಯೆಂದರೆ ಮದುವೆಯ ಉಂಗುರ ಬೆರಳಲ್ಲಿ ಸಡಿಲವಾಗಿ ಆಡುತ್ತಿದೆ. ಗಂಡ ಸಮುದ್ರದ ಪಾಲಾಗಿದ್ದಾನೆ. ಎದೆಗೆ ಅವುಚಿಕೊಂಡಿರುವುದು ಅಂಚೆಚೀಟಿಗಳ ಆಲ್ಬಂ ಒಂದನ್ನು. ಗ್ರೀನ್ ಅವರು ಪಾತ್ರವೊಂದನ್ನು ಪ್ರವೇಶಗೊಳಿಸುವ ರೀತಿಯಲ್ಲೇ ಎಷ್ಟು ಕೆಲಸ ಮಾಡಿ ಮುಗಿಸುತ್ತಾರೆ ಎಂಬುದಕ್ಕೆ ಈ ಆಲ್ಬಂ ಸಾಕ್ಷಿ. ಗಂಡನನ್ನು ಕಳೆದುಕೊಂಡ ಹೆಣ್ಣು ಮತ್ತು ಚೀಟಿ ಕೂಡಿಹಾಕುವ ಶಾಲೆಯ ಮಗು ಒಂದೇ ದೇಹದಲ್ಲಿ ಮಲಗಿರುವುದನ್ನು ಸ್ಕೋಬಿ ನೋಡುತ್ತಾನೆ. ಮಗಳನ್ನು ಕಳೆದುಕೊಂಡವನ ಕಣ್ಣಿಗೆ ಮೊದಲು ಬೀಳುವುದು ಹೆಣ್ಣಲ್ಲ, ಆ ಮಗು.

ಇವರಿಬ್ಬರ ನಡುವೆ ಮೂವತ್ತು ವರ್ಷಗಳ ಅಂತರವಿದೆ. ಆ ಅಂತರವೇ ತಮ್ಮನ್ನು ಕಾಪಾಡುತ್ತದೆ ಎಂದು ಇಬ್ಬರೂ ನಂಬಿ ಸಂಜೆಗಳಲ್ಲಿ ನಿರಾಳವಾಗಿ ಮಾತನಾಡುತ್ತಾ ಕೂರುತ್ತಾರೆ. ತಾವು ಕ್ಷೇಮ ಎಂದುಕೊಂಡದ್ದು ಶತ್ರು ತೊಟ್ಟುಕೊಂಡ ವೇಷವಾಗಿತ್ತು, ಸ್ನೇಹ, ವಿಶ್ವಾಸ ಮತ್ತು ಮರುಕಗಳ ಮೂಲಕ ಕೆಲಸ ಮಾಡುವ ಶತ್ರು ಅದು ಎಂಬ ಅರ್ಥದ ಮಾತನ್ನು ಗ್ರೀನ್ ಅಲ್ಲಿ ಬರೆಯುತ್ತಾರೆ. ಈ ಮೂರರಲ್ಲಿ ಮೂರನೆಯದೇ ನಮ್ಮ ವಿಷಯ.

ಕನ್ನಡದಲ್ಲಿ ಈ ಭಾವದ ಆಸುಪಾಸಿಗೆ ಎಷ್ಟು ಪದಗಳಿವೆ ನೋಡಿ: ಕರುಣೆ, ದಯೆ, ಕನಿಕರ, ಮರುಕ, ಅನುಕಂಪ. ದಿನದ ಮಾತಿನಲ್ಲಿ ಇವನ್ನು ಒಂದರ ಬದಲಿಗೆ ಒಂದನ್ನು ಬಳಸುತ್ತೇವೆ. ಆದರೆ ಅನುಕಂಪ ಎಂಬ ಪದವನ್ನು ಬಿಡಿಸಿದರೆ ಜೊತೆಯಲ್ಲಿ ಕಂಪಿಸುವುದು ಎಂಬ ಅರ್ಥ ಹೊರಡುತ್ತದೆ. ಜೊತೆಯಲ್ಲಿ ಕಂಪಿಸಬೇಕಾದರೆ ಇಬ್ಬರೂ ಒಂದೇ ನೆಲದ ಮೇಲೆ ನಿಂತಿರಬೇಕು. ಮರುಗುವುದಕ್ಕೆ ಆ ಅಗತ್ಯವಿಲ್ಲ. ದಡದ ಮೇಲೆ ನಿಂತು ನೀರಿನಲ್ಲಿರುವವನಿಗಾಗಿ ಮರುಗಬಹುದು. ಗ್ರೀನ್ ಅವರಿಗೆ ಈ ಭೇದ ಬಹಳ ಮುಖ್ಯವಾಗಿತ್ತು. ಮರುಕ ಬೇರೆ, ಅನುಕಂಪ ಬೇರೆ, ಮರುಕವೆಂಬುದು ಮನುಷ್ಯರನ್ನು ಹೇಗೆ ಹಾಳುಮಾಡುತ್ತದೆ ಎಂಬುದನ್ನು ತೋರಿಸುವುದೇ ತಮ್ಮ ಉದ್ದೇಶವಾಗಿತ್ತು, ಅದು ಒಂದು ಭಯಂಕರ ಅಹಂಕಾರದ ರೂಪವೂ ಆಗಬಲ್ಲುದು ಎಂದು ಅವರು ಮುಂದೆ ತಮ್ಮ ಆತ್ಮಕಥನದ ಬರಹಗಳಲ್ಲಿ ಹೇಳಿಕೊಂಡಿದ್ದಾರೆ.

ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಆರಂಭದ ದೃಶ್ಯವೊಂದನ್ನು ನೋಡಬೇಕು. ಲೂಯಿಸ್ ಸೊಳ್ಳೆಪರದೆಯ ಒಳಗೆ ಮಲಗಿದ್ದಾಳೆ. ಬೆವರಿನಿಂದ ಕೂದಲು ಒದ್ದೆಯಾಗಿದೆ, ಮುಖ ಕಳೆಗುಂದಿದೆ. ಅವಳು ಹೀಗೆ ಕುರೂಪವಾಗಿ ಕಾಣುವ ಗಳಿಗೆಗಳಲ್ಲೇ ಸ್ಕೋಬಿಗೆ ಅವಳ ಮೇಲೆ ಪ್ರೀತಿ ಉಕ್ಕುತ್ತದೆ, ಮರುಕ ಮತ್ತು ಹೊಣೆಗಾರಿಕೆಗಳು ಆಗ ಮೋಹದಷ್ಟೇ ತೀವ್ರವಾಗುತ್ತವೆ. ಓದುಗರಿಗೆ ಇದು ಮೊದಲು ದೊಡ್ಡ ಗುಣವಾಗಿ ಕಾಣುತ್ತದೆ. ಚೆಲುವಿದ್ದಾಗ ಪ್ರೀತಿಸುವವರು ಎಷ್ಟೋ ಜನ, ಚೆಲುವು ಹೋದಾಗಲೂ ಪ್ರೀತಿಸುವವನು ದೊಡ್ಡವನಲ್ಲವೆ? ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಅದೇ ವಾಕ್ಯವನ್ನು ತಿರುಗಿಸಿ ಓದಿದರೆ ಬೇರೊಂದು ಅರ್ಥ ಕಾಣಿಸುತ್ತದೆ. ಅವಳು ಸುಖವಾಗಿದ್ದಾಗ, ಗೆಲುವಾಗಿದ್ದಾಗ, ತನ್ನ ಕಾಲಮೇಲೆ ತಾನು ನಿಂತಾಗ ಅವಳನ್ನು ಪ್ರೀತಿಸಲು ಅವನಿಗೆ ಏನೂ ಉಳಿದಿರುವುದಿಲ್ಲ. ಅವನ ಪ್ರೀತಿ ಬದುಕಿರಬೇಕಾದರೆ ಅವಳು ನೋಯುತ್ತಲೇ ಇರಬೇಕು. ಹೆಲೆನ್‌ಳ ವಿಷಯದಲ್ಲೂ ಹೀಗೆಯೇ. ಸ್ಟ್ರೆಚರಿನ ಮೇಲಿದ್ದ ಮಗು ಚೇತರಿಸಿಕೊಂಡು, ಜಗಳವಾಡುವ, ಹಕ್ಕು ಕೇಳುವ ಹೆಂಗಸಾಗುತ್ತಿದ್ದಂತೆ ಅವಳ ಮುಖ ಅವನಿಗೆ ಲೂಯಿಸ್‌ಳ ಮುಖದಂತೆಯೇ ಕಾಣತೊಡಗುತ್ತದೆ. ಎರಡು ಮನೆ, ಎರಡು ಹೆಣ್ಣು. ಆದರೆ ಅವನು ಎರಡೂ ಕಡೆ ಮಾಡುವ ಕೆಲಸ ಒಂದೇ, ಆಡುವ ಮಾತೂ ಒಂದೇ. ಎರಡು ದೋಣಿಯ ಮೇಲೆ ಕಾಲಿಟ್ಟವನು ಎಂದು ನಾವು ಹೇಳುವ ಮಾತು ಸ್ಕೋಬಿಗೆ ಪೂರ್ತಿ ಹೊಂದುವುದಿಲ್ಲ. ಅವನಿಗೆ ಎರಡೂ ಕಡೆ ಸಿಕ್ಕಿದ್ದು ಒಂದೇ ದೋಣಿ, ಅದೂ ತೂತು ಬಿದ್ದದ್ದು.

ಈ ಮರುಕಕ್ಕೆ ಒಂದು ಬೇರಿದೆ, ಅದನ್ನು ಕಾದಂಬರಿ ಬಹಳ ಹತ್ತಿರದಿಂದ ತೋರಿಸುತ್ತದೆ. ಹಡಗಿನಿಂದ ಬದುಕುಳಿದವರಲ್ಲಿ ಆರು ವರ್ಷದ ಒಬ್ಬ ಹುಡುಗಿಯಿದ್ದಾಳೆ. ತಂದೆ ತಾಯಿ ಇಬ್ಬರೂ ಹೋಗಿದ್ದಾರೆ. ಅವಳು ಸಾಯುವ ಹೊತ್ತಿನಲ್ಲಿ ಹಾಸಿಗೆಯ ಪಕ್ಕದಲ್ಲಿ ಸ್ಕೋಬಿ ಒಬ್ಬನೇ ಇದ್ದಾನೆ. ಮಗು ಅವನನ್ನೇ ಅಪ್ಪ ಎಂದು ಕರೆಯುತ್ತದೆ. ಅವನು ಕರವಸ್ತ್ರವನ್ನು ಮಡಿಸಿ ಮೊಲದ ತಲೆಯ ನೆರಳನ್ನು ದಿಂಬಿನ ಮೇಲೆ ಬೀಳಿಸುತ್ತಾನೆ. ಅಗೋ ನಿನ್ನ ಮೊಲ, ಅದರ ಜೊತೆ ಮಲಗಿಕೋ ಎನ್ನುತ್ತಾನೆ. ದೂರದ ಆಫ್ರಿಕದಲ್ಲಿದ್ದುದರಿಂದ ಸ್ವಂತ ಮಗಳ ಸಾವಿನ ಗಳಿಗೆಯಿಂದ ಅವನು ತಪ್ಪಿಸಿಕೊಂಡಿದ್ದ; ಈಗ ಯಾರದೋ ಮಗುವಿನ ರೂಪದಲ್ಲಿ ಆ ಗಳಿಗೆ ಅವನನ್ನು ಹುಡುಕಿಕೊಂಡು ಬಂದಿದೆ. ಆಗ ಅವನು ಮಾಡುವ ಪ್ರಾರ್ಥನೆ ಇಡೀ ಕಾದಂಬರಿಯ ಗಂಟು: ನನ್ನ ನೆಮ್ಮದಿಯನ್ನು ಎಂದೆಂದಿಗೂ ಕಿತ್ತುಕೋ, ಈ ಮಗುವಿಗೆ ನೆಮ್ಮದಿ ಕೊಡು.

ಈ ಪ್ರಾರ್ಥನೆಯನ್ನು ಓದುವಾಗ ನನ್ನ ಕಣ್ಣು ತುಂಬಿ ಬಂದದ್ದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಬಾಬರನು ಹುಮಾಯೂನನ ಹಾಸಿಗೆಯ ಸುತ್ತ ತಿರುಗಿ ತನ್ನ ಪ್ರಾಣವನ್ನು ಮಗನಿಗೆ ಬದಲಾಗಿ ಒಪ್ಪಿಸಿದ ಎಂಬ ಐತಿಹ್ಯವನ್ನು ಕೇಳಿ ಬೆಳೆದ ನಮಗೆ ಇಂಥ ವಿನಿಮಯ ಅಪರಿಚಿತವಲ್ಲ. ಆದರೆ ಸ್ಕೋಬಿ ಅಂದಿನಿಂದ ತನ್ನ ಎಲ್ಲ ಸಂಬಂಧಗಳಲ್ಲೂ ಇದೇ ವಿನಿಮಯವನ್ನು ನಡೆಸಲು ಹೊರಡುತ್ತಾನೆ. ಎಲ್ಲರ ನೆಮ್ಮದಿಗೂ ತಾನೇ ಜಾಮೀನು ನಿಲ್ಲಬೇಕು ಎನ್ನುತ್ತಾನೆ. ಹಾಗೆ ನಿಲ್ಲುವವನಿಗೆ ಸುಳ್ಳು ಅನಿವಾರ್ಯವಾಗುತ್ತದೆ, ಏಕೆಂದರೆ ನಿಜ ಹೇಳಿದರೆ ಎದುರಿಗಿರುವವರ ನೆಮ್ಮದಿ ಕೆಡುತ್ತದೆ.

ಇಲ್ಲಿ ಎರಡು ಪತ್ರಗಳ ಕಡೆಗೆ ನಿಮ್ಮ ಗಮನ ಸೆಳೆಯುತ್ತೇನೆ. ಕಾದಂಬರಿಯ ಆರಂಭದ ಭಾಗದಲ್ಲಿ ಸ್ಕೋಬಿ ಎಸ್ಪೆರಾನ್ಸಾ ಎಂಬ ಪೋರ್ಚುಗೀಸ್ ಹಡಗನ್ನು ತಪಾಸಣೆ ಮಾಡುವಾಗ ಕಪ್ತಾನನು ಬಚ್ಚಿಟ್ಟಿದ್ದ ಪತ್ರವೊಂದು ಸಿಗುತ್ತದೆ. ಅದು ಶತ್ರುದೇಶವಾದ ಜರ್ಮನಿಯಲ್ಲಿರುವ ಮಗಳಿಗೆ ಅವನು ಬರೆದದ್ದು. ನಿಯಮದ ಪ್ರಕಾರ ಅದನ್ನು ಮೇಲಿನವರಿಗೆ ಒಪ್ಪಿಸಬೇಕು. ಕಪ್ತಾನ ಅಳುತ್ತಾನೆ. ಮಗಳಿಗೆ ಬರೆದ ಪತ್ರ ಎಂಬ ಕಾರಣಕ್ಕೆ ಸ್ಕೋಬಿ ಅದನ್ನು ಒಪ್ಪಿಸದೆ ಸುಟ್ಟುಹಾಕುತ್ತಾನೆ. ಹಣಕ್ಕೆ ಜಗ್ಗದವನನ್ನು ಮರುಕ ಜಗ್ಗಿಸಿತು. ಎರಡನೆಯ ಪತ್ರ ಅವನೇ ಬರೆದದ್ದು. ನೀನು ಅತಿ ಹುಷಾರಿನ ಮನುಷ್ಯ, ಸಿಕ್ಕಿಬೀಳುವಂಥದ್ದೇನನ್ನೂ ಬರೆದುಕೊಡುವುದಿಲ್ಲ ಎಂದು ಹೆಲೆನ್ ಜಗಳವಾಡಿದ ರಾತ್ರಿ, ಅವಳ ಮಾತು ಸುಳ್ಳೆಂದು ತೋರಿಸಲು ಅವನು ಕುಳಿತು ಬರೆಯುತ್ತಾನೆ. ನನಗಿಂತ ಹೆಚ್ಚಾಗಿ, ಹೆಂಡತಿಗಿಂತ ಹೆಚ್ಚಾಗಿ, ಬಹುಶಃ ದೇವರಿಗಿಂತಲೂ ಹೆಚ್ಚಾಗಿ ನಿನ್ನನ್ನು ಪ್ರೀತಿಸುತ್ತೇನೆ ಎಂಬ ಅರ್ಥದ ಮಾತು ಅದರಲ್ಲಿದೆ. ಅದನ್ನು ಅವಳ ಬಾಗಿಲ ಕೆಳಗೆ ತಳ್ಳಿ ಬರುತ್ತಾನೆ. ಅವಳ ಕೈ ಸೇರುವ ಮೊದಲೇ ಆ ಪತ್ರ ಯೂಸೆಫ್‌ನ ಕೈ ಸೇರುತ್ತದೆ, ಅಲ್ಲಿಂದ ಸ್ಕೋಬಿ ಅವನ ಅಡಿಯಾಳಾಗುತ್ತಾನೆ. ಅದೇ ಎಸ್ಪೆರಾನ್ಸಾದ ಕಪ್ತಾನನಿಗೆ ಯೂಸೆಫ್‌ನ ಪೊಟ್ಟಣವನ್ನು ತಾನೇ ಮುಟ್ಟಿಸಬೇಕಾಗುತ್ತದೆ.

ಕಪ್ತಾನನ ಪತ್ರವನ್ನು ಸುಟ್ಟು ಅವನನ್ನು ಉಳಿಸಿದವನು ತನ್ನ ಪತ್ರವನ್ನು ಸುಡಲಾರದೆ ಹೋದ. ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವ ಸಂಗತಿ ಇನ್ನೊಂದಿದೆ. ಹೆಂಡತಿಗೆ, ಹೆಲೆನ್‌ಗೆ, ಮೇಲಧಿಕಾರಿಗೆ ಹೇಳಿದ ನೂರು ಸುಳ್ಳುಗಳಲ್ಲಿ ಒಂದೂ ಅವನನ್ನು ಹಿಡಿದುಕೊಡಲಿಲ್ಲ. ಎಚ್ಚರವನ್ನೆಲ್ಲ ಬದಿಗಿಟ್ಟು ಮನಬಿಚ್ಚಿ ಬರೆದ ಆ ಒಂದು ಹಾಳೆ ಅವನನ್ನು ಹಿಡಿದುಕೊಟ್ಟಿತು.

ಲೂಯಿಸ್ ಹಿಂತಿರುಗುತ್ತಾಳೆ. ಸ್ಕೋಬಿ ಮದುವೆಗಾಗಿ ಕ್ಯಾಥೊಲಿಕ್ ಆದವನು, ಆದರೆ ನಂಬಿಕೆಯನ್ನು ಗಾಢವಾಗಿ ತೆಗೆದುಕೊಂಡವನು. ನಾವಿಬ್ಬರೂ ಜೊತೆಯಾಗಿ ಬಲಿಪೂಜೆಗೆ ಹೋಗಿ ಪರಮಪ್ರಸಾದ ಸ್ವೀಕರಿಸೋಣ ಎಂದು ಅವಳು ಕೇಳುತ್ತಾಳೆ. ಕ್ಯಾಥೊಲಿಕ್ ನೆರೆಹೊರೆಯಿರುವ ಕರಾವಳಿಯವರಿಗೆ ಇದರ ಭಾರವನ್ನು ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಪರಮಪ್ರಸಾದವೆಂದರೆ ಚರ್ಚಿನ ಬಲಿಪೂಜೆಯಲ್ಲಿ ಕ್ರಿಸ್ತನ ದೇಹವೆಂದು ನಂಬಿ ಸ್ವೀಕರಿಸುವ ರೊಟ್ಟಿ. ಘೋರ ಪಾಪದಲ್ಲಿರುವವನು ಪಾಪನಿವೇದನೆ ಮಾಡಿ ಕ್ಷಮೆ ಪಡೆಯದೆ ಪರಮಪ್ರಸಾದವನ್ನು ನಾಲಿಗೆಯ ಮೇಲಿಟ್ಟುಕೊಂಡರೆ ಆ ಪಾಪಕ್ಕೆ ಇನ್ನೂ ದೊಡ್ಡ ಪಾಪ ಸೇರುತ್ತದೆ. ಕ್ಷಮೆ ಸಿಗಬೇಕಾದರೆ ಇನ್ನು ಮುಂದೆ ಆ ಹೆಣ್ಣಿನ ಬಳಿ ಹೋಗುವುದಿಲ್ಲ ಎಂದು ಮಾತು ಕೊಡಬೇಕು. ಹೆಲೆನ್‌ಳನ್ನು ಒಂಟಿಯಾಗಿ ಬಿಡುತ್ತೇನೆ ಎಂದು ಅವನು ಹೇಳಲಾರ. ಬೇಡ ಎಂದರೆ ಹೆಂಡತಿಗೆ ಗೊತ್ತಾಗುತ್ತದೆ. ಮೊದಲ ಸಲ ಎದೆನೋವೆಂದು ಬ್ರಾಂಡಿ ಕುಡಿದು, ಪರಮಪ್ರಸಾದಕ್ಕೆ ಮುಂಚೆ ಇರಬೇಕಾದ ಉಪವಾಸ ಮುರಿಯಿತೆಂಬ ನೆಪದಿಂದ ತಪ್ಪಿಸಿಕೊಳ್ಳುತ್ತಾನೆ. ಎಷ್ಟು ದಿನ ಹೀಗೆ? ಕೊನೆಗೆ ಹೆಂಡತಿಯ ಪಕ್ಕದಲ್ಲಿ ಮಂಡಿಯೂರಿ, ತಾನು ನರಕಕ್ಕೆ ಹೋಗುವುದು ಖಚಿತ ಎಂದು ತಿಳಿದೇ ಅದನ್ನು ಸ್ವೀಕರಿಸುತ್ತಾನೆ. ಆಮೇಲೆ ಅವನ ಮರುಕ ಮನುಷ್ಯರನ್ನೂ ದಾಟುತ್ತದೆ. ತನ್ನ ಏಟಿಗೆ ನೋಯುತ್ತಿರುವವನು ದೇವರು ಎಂದು ಅವನು ದೇವರಿಗಾಗಿಯೇ ಮರುಗತೊಡಗುತ್ತಾನೆ. ಲೂಯಿಸ್, ಹೆಲೆನ್, ದೇವರು, ಈ ಮೂವರನ್ನೂ ತನ್ನಿಂದ ಬಿಡುಗಡೆ ಮಾಡಬೇಕೆಂದರೆ ತಾನು ಇಲ್ಲವಾಗಬೇಕು ಎಂಬ ತೀರ್ಮಾನಕ್ಕೆ ಬರುತ್ತಾನೆ. ದೇವರನ್ನೂ ತನ್ನ ರಕ್ಷಣೆಗೆ ತೆಗೆದುಕೊಳ್ಳುವ ಪೊಲೀಸ್ ಅಧಿಕಾರಿಯನ್ನು ಕಂಡಾಗ, ಗ್ರೀನ್ ಅವರು ಅಹಂಕಾರ ಎಂಬ ಪದವನ್ನು ಏಕೆ ಬಳಸಿದರು ಎಂದು ತಿಳಿಯುತ್ತದೆ.

ಲೂಯಿಸ್‌ಗೆ ಎಲ್ಲವೂ ಮೊದಲೇ ಗೊತ್ತಿತ್ತು. ಊರಿನ ಹೆಂಗಸೊಬ್ಬಳು ಪತ್ರ ಬರೆದು ತಿಳಿಸಿದ್ದಳು. ಅವಳು ಹಿಂತಿರುಗಿದ್ದೇ ಅದಕ್ಕಾಗಿ. ಇದು ಓದುಗರಿಗೆ ಗೊತ್ತಾಗುವುದು ಸ್ಕೋಬಿ ಸತ್ತ ಮೇಲೆ. ಗೊತ್ತಾದ ಮೇಲೆ ಹಿಂದಿನ ಪುಟಗಳನ್ನೆಲ್ಲ ಇನ್ನೊಮ್ಮೆ ಓದಬೇಕಾಗುತ್ತದೆ, ಅವಳ ಪ್ರತಿಯೊಂದು ಸಾಧಾರಣ ಮಾತಿನ ಕೆಳಗೂ ಇನ್ನೊಂದು ಮಾತು ಕೇಳಿಸುತ್ತದೆ. ಇಬ್ಬಗೆಯ ಬದುಕು ನಡೆಸುತ್ತಿದ್ದವನು ಅವನೊಬ್ಬನೇ ಆಗಿರಲಿಲ್ಲ. ಗೊತ್ತಿದ್ದೂ ಗೊತ್ತಿಲ್ಲದವಳಂತೆ ಅದೇ ಮನೆಯಲ್ಲಿ ಅವಳೂ ಇಬ್ಬಗೆಯ ಬದುಕನ್ನೇ ನಡೆಸುತ್ತಿದ್ದಳು. ಅವಳನ್ನು ಅನೇಕ ಓದುಗರು ಕಠಿಣ ಹೃದಯದವಳೆಂದು ದೂರುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ನಿಜವನ್ನು ತಡೆದುಕೊಳ್ಳುವ ಶಕ್ತಿ ಅವಳಿಗಿಲ್ಲ ಎಂದು ಅವನು ಅವಳನ್ನು ಕೇಳದೆಯೇ ತೀರ್ಮಾನಿಸಿದ್ದ. ಅವಳಿಗೆ ಆ ಶಕ್ತಿ ಇತ್ತು. ತನ್ನ ಎದುರಿಗೆ ಒಂದು ಸಲವಾದರೂ ನಿಜವನ್ನು ಆಡಲಿ ಎಂದು ಅವಳು ಕಾದಿದ್ದಳು ಎಂದೇ ನಾನು ಓದುತ್ತೇನೆ.

ಈ ಸುಳ್ಳಿನ ಬೆಲೆಯನ್ನು ಪೂರ್ತಿಯಾಗಿ ತೆತ್ತವನು ಅಲಿ. ಹದಿನೈದು ವರ್ಷ ಸ್ಕೋಬಿಯ ಮನೆಯಲ್ಲಿ ಕೆಲಸ ಮಾಡಿದ ಆಫ್ರಿಕನ್ ಸೇವಕ ಅವನು. ಸ್ಕೋಬಿಗೆ ನಿಜವಾದ ನೆಮ್ಮದಿ ಸಿಗುತ್ತಿದ್ದುದು ಅಲಿಯ ಜೊತೆ ಊರೂರು ಸುತ್ತುವಾಗ, ಕಾಡುದಾರಿಯಲ್ಲಿ ಲಾರಿಯಲ್ಲಿ ಕುಳಿತು ಹೋಗುವಾಗ. ಆದರೆ ಸುಳ್ಳಿನಲ್ಲಿ ಬದುಕುವವನಿಗೆ ಎಲ್ಲರೂ ಸುಳ್ಳುಗಾರರಾಗಿ ಕಾಣುತ್ತಾರೆ. ಅಲಿ ತನ್ನ ಗುಟ್ಟನ್ನು ಹೊರಗೆ ಹಾಕಬಹುದು ಎಂಬ ಸಂಶಯವನ್ನು ಅವನು ಯೂಸೆಫ್‌ನ ಮುಂದೆ ತೋಡಿಕೊಳ್ಳುತ್ತಾನೆ. ಅಲಿಯನ್ನು ಕರೆಸಲು ಗುರುತಿಗಾಗಿ ಜೇಬಿನಲ್ಲಿದ್ದ ಹರಿದ ಜಪಸರವನ್ನು ಕೊಡುತ್ತಾನೆ. ಬಂದರಿನ ಕತ್ತಲೆಯಲ್ಲಿ ಅಲಿ ಕೊಲೆಯಾಗುತ್ತಾನೆ. ನಿನ್ನನ್ನು ಕೊಂದವನು ನಾನೇ ಎಂದು ಸ್ಕೋಬಿ ಶವದ ಎದುರು ಹೇಳಿಕೊಳ್ಳುತ್ತಾನೆ.

ಇಲ್ಲಿ ಕಾದಂಬರಿಯ ಮೇಲೆ ನನ್ನದೊಂದು ದೂರಿದೆ. ಪರಮಪ್ರಸಾದದ ಪ್ರಸಂಗಕ್ಕೆ ಗ್ರೀನ್ ಅವರು ಎಷ್ಟೊಂದು ಪುಟಗಳನ್ನು ಕೊಟ್ಟಿದ್ದಾರೆ. ಅಲಿಯ ಸಾವಿಗೆ ಅದರಲ್ಲಿ ಒಂದು ಪಾಲೂ ಸಿಕ್ಕಿಲ್ಲ. ಅಲಿಯ ಮನಸ್ಸಿನಲ್ಲಿ ಏನಿತ್ತು, ಈ ಬಿಳಿಯ ಯಜಮಾನನನ್ನು ಅವನು ಹೇಗೆ ಕಂಡಿದ್ದ ಎಂಬುದರ ಒಳಗೆ ಕಾದಂಬರಿ ಹೋಗುವುದೇ ಇಲ್ಲ. ಜಾರ್ಜ್ ಆರ್ವೆಲ್ ಅವರು 1948ರಲ್ಲೇ ಬರೆದ ವಿಮರ್ಶೆಯಲ್ಲಿ ಬೇರೆ ದಿಕ್ಕಿನಿಂದ ಆಕ್ಷೇಪಿಸಿದ್ದರು. ವ್ಯಭಿಚಾರ ಘೋರ ಪಾಪವೆಂದು ನಿಜವಾಗಿ ನಂಬಿದವನು ಅದನ್ನು ನಿಲ್ಲಿಸುತ್ತಿದ್ದ, ನಿಲ್ಲಿಸದಿದ್ದರೆ ಅವನ ಪಾಪಪ್ರಜ್ಞೆಯೇ ಮಂಕಾಗುತ್ತಿತ್ತು, ಆದ್ದರಿಂದ ಸ್ಕೋಬಿಯ ಎರಡು ಅರ್ಧಗಳು ಒಂದಕ್ಕೊಂದು ಕೂಡುವುದಿಲ್ಲ ಎಂಬುದು ಅವರ ವಾದದ ತಿರುಳು. ಬರ್ಮಾದಲ್ಲಿ ಸ್ವತಃ ಪೊಲೀಸ್ ಅಧಿಕಾರಿಯಾಗಿದ್ದವರು ಆಡಿದ ಮಾತಾದ್ದರಿಂದ ಅದಕ್ಕೆ ತೂಕವಿದೆ. ಆದರೂ ಈ ಮಾತನ್ನು ನಾನು ಒಪ್ಪಲಾರೆ. ಇದು ಪಾಪ ಎಂದು ಪೂರ್ತಿ ತಿಳಿದೂ ನಾಳೆ ಅದನ್ನೇ ಮಾಡುವವರನ್ನು ನಾವೆಲ್ಲರೂ ಕಂಡಿದ್ದೇವೆ. ಅರ್ಧಗಳು ಕೂಡದೆ ಇರುವುದೇ ಇಬ್ಬಗೆಯ ಬದುಕು. ಕೂಡಿದ್ದರೆ ಕಾದಂಬರಿಯೇ ಇರುತ್ತಿರಲಿಲ್ಲ.

ಲೇಖಕರ ಬದುಕನ್ನು ಕೃತಿಯ ಮೇಲೆ ಹೇರುವುದು ನನಗೆ ಇಷ್ಟವಿಲ್ಲದಿದ್ದರೂ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಗ್ರೀನ್ ಅವರು 1926ರಲ್ಲಿ ಕ್ಯಾಥೊಲಿಕ್ ಮತಕ್ಕೆ ಸೇರಿ, ಮರುವರ್ಷ ವಿವಿಯನ್ ಅವರನ್ನು ಮದುವೆಯಾದರು. ಈ ಕಾದಂಬರಿ ಹೊರಬರುವ ಹೊತ್ತಿಗೆ ಕ್ಯಾಥರಿನ್ ವಾಲ್ಸ್ಟನ್ ಎಂಬ ವಿವಾಹಿತ ಮಹಿಳೆಯೊಂದಿಗೆ ಅವರ ಸಂಬಂಧ ಬೆಳೆದಿತ್ತು, ಮನೆ ಒಡೆದಿತ್ತು. ಆದರೆ ಪುಸ್ತಕದ ಅರ್ಪಣೆಯ ಪುಟದಲ್ಲಿರುವುದು ಹೆಂಡತಿ ಮತ್ತು ಇಬ್ಬರು ಮಕ್ಕಳ ಹೆಸರಿನ ಮೊದಲಕ್ಷರಗಳು. ಸ್ಕೋಬಿಯ ಸತ್ತ ಮಗಳ ಹೆಸರು ಕ್ಯಾಥರಿನ್. ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಯಾವ ತೀರ್ಮಾನವನ್ನೂ ನಾನು ಮಾಡುವುದಿಲ್ಲ. ಆ ಅರ್ಪಣೆಯ ಪುಟವನ್ನು ಬಿಡಿಸಿ ನೋಡಿದಾಗ ವಿವಿಯನ್ ಅವರಿಗೆ ಏನನ್ನಿಸಿರಬಹುದು ಎಂದು ಮಾತ್ರ ಎಷ್ಟೋ ಸಲ ಯೋಚಿಸಿದ್ದೇನೆ.

ಹೆಂಡತಿಯ ಕಡೆಯಿಂದ ಬರೆದರೆ ಇದೇ ಕಥೆ ಹೇಗಿರುತ್ತದೆ ಎಂಬುದಕ್ಕೆ ಉತ್ತರ ನಮ್ಮ ಮೈಸೂರಿನಲ್ಲಿದೆ. ಆರ್. ಕೆ. ನಾರಾಯಣ್ ಅವರ ಮೊದಲ ಕಾದಂಬರಿಯ ಹಸ್ತಪ್ರತಿಯನ್ನು ಓದಿ, ಮೆಚ್ಚಿ, 1935ರಲ್ಲಿ ಅದು ಲಂಡನ್ನಿನಲ್ಲಿ ಪ್ರಕಟವಾಗುವಂತೆ ಮಾಡಿದವರು ಇದೇ ಗ್ರೀನ್. ಅದೇ ನಾರಾಯಣ್ ಅವರು 1938ರಲ್ಲಿ ‘ದಿ ಡಾರ್ಕ್ ರೂಮ್’ ಬರೆದರು, ಅಂದರೆ ಸ್ಕೋಬಿಗಿಂತ ಹತ್ತು ವರ್ಷ ಮೊದಲು. ಅಲ್ಲಿ ವಿಮಾ ಕಂಪನಿಯ ಅಧಿಕಾರಿ ರಮಣಿ, ಕೆಲಸ ಕಲಿಯಲು ಬಂದ ಶಾಂತಾಬಾಯಿಯ ಮೋಹಕ್ಕೆ ಬೀಳುತ್ತಾನೆ. ಅವಳಿಗೆ ಆಫೀಸಿನಲ್ಲೇ ಇರಲು ಕೋಣೆಯೊಂದನ್ನು ಅಣಿಮಾಡಲು ಮನೆಯಿಂದ ಸಾಮಾನುಗಳನ್ನು ಸಾಗಿಸುತ್ತಾನೆ. ಅವುಗಳಲ್ಲಿ ಹೆಂಡತಿ ಸಾವಿತ್ರಿ ಇಷ್ಟಪಡುತ್ತಿದ್ದ ಬೆಂಚೂ ಒಂದು. ಆ ಬೆಂಚು ಇದ್ದ ಜಾಗ ಖಾಲಿ ಬಿದ್ದಿರುವುದನ್ನು ಕಂಡಾಗ ಸಾವಿತ್ರಿಗೆ ಆಗುವ ಸಂಕಟವನ್ನು ನಾವು ಕೂಡಲೇ ಅರಿಯುತ್ತೇವೆ. ಚಿಕ್ಕಮನೆ ಎಂದು ನಾವು ಹಗುರವಾಗಿ ಕರೆಯುವುದು ದೊಡ್ಡಮನೆಯ ಒಂದೊಂದೇ ವಸ್ತುವಿನಿಂದ ಕಟ್ಟಿದ್ದು. ರಮಣಿಯಲ್ಲಿ ಸ್ಕೋಬಿಯ ಆತ್ಮಸಂಕಟದ ಒಂದು ಎಳೆಯೂ ಇಲ್ಲ. ಸಾವಿತ್ರಿ ಹೊಳೆಗೆ ಹಾರಿ, ಬದುಕುಳಿದು, ಗುಡಿಯೊಂದರಲ್ಲಿ ಕೂಲಿ ಮಾಡಿ ತನ್ನ ಅನ್ನ ತಾನು ತಿಂದು, ಕೊನೆಗೆ ಮಕ್ಕಳಿಗಾಗಿ ಅದೇ ಮನೆಗೆ ಹಿಂತಿರುಗುತ್ತಾಳೆ. ಗ್ರೀನ್ ಅವರ ಕಾದಂಬರಿಯಲ್ಲಿ ನನಗೆ ಕಡಿಮೆಯೆನಿಸಿದ್ದು ಇದು. ಸ್ಕೋಬಿಯ ಆತ್ಮ ಹೋಗುವ ದಾರಿಯನ್ನು ಹೆಜ್ಜೆ ಹೆಜ್ಜೆಗೂ ಕಂಡ ನಮಗೆ ಲೂಯಿಸ್‌ಳ ಮನೆಯಲ್ಲಿ ಯಾವ ಬೆಂಚು ಕಾಣೆಯಾಗಿತ್ತು ಎಂಬುದು ಕಾಣುವುದೇ ಇಲ್ಲ.

ಕೊನೆಯದಾಗಿ ಸ್ಕೋಬಿಯ ಡೈರಿಯ ಬಗ್ಗೆ. ಅವನು ದಿನವೂ ಡೈರಿ ಬರೆಯುವವನು. ಅದರಲ್ಲಿ ಭಾವನೆಗಳಿಗೆ ಜಾಗವಿಲ್ಲ. ಅಂದಿನ ಉಷ್ಣಾಂಶ, ಬಂದವರು, ಹೋದವರು, ನಡೆದದ್ದು, ಅಷ್ಟೇ. ಸಾಯಲು ನಿಶ್ಚಯಿಸಿದ ಮೇಲೆ, ತನ್ನದು ಆತ್ಮಹತ್ಯೆಯೆಂದು ಗೊತ್ತಾದರೆ ಇಬ್ಬರು ಹೆಂಗಸರೂ ನೋಯುತ್ತಾರೆ ಎಂಬ ಕಾರಣಕ್ಕೆ ಅವನು ಹೃದ್ರೋಗವಿದೆಯೆಂದು ನಟಿಸುತ್ತಾನೆ. ಅದಕ್ಕೆ ಪುರಾವೆಯಾಗಿ ಹಿಂದಿನ ದಿನಗಳ ಪುಟಗಳಲ್ಲಿ ಎದೆನೋವಿನ, ನಿದ್ರೆ ಬಾರದಿರುವಿಕೆಯ ಸಾಲುಗಳನ್ನು ಆಮೇಲೆ ಸೇರಿಸುತ್ತಾನೆ. ಮರುಕದಿಂದ ಹೇಳಿದ ಕೊನೆಯ ಸುಳ್ಳು ಅದು. ಅವನು ಕಮಿಷನರ್ ಆಗಲಿದ್ದಾನೆ ಎಂಬ ಸುದ್ದಿ ಆ ಹೊತ್ತಿಗೆ ಬಂದಿರುತ್ತದೆ. ಅದೂ ತಡವಾಗಿ ತಲುಪಿದ ಟೆಲಿಗ್ರಾಂನಂತೆಯೇ.

ಲೂಯಿಸ್‌ಳನ್ನು ಬಯಸುತ್ತಿದ್ದ, ವೃತ್ತಿಯಿಂದ ಬೇಹುಗಾರನಾದ ವಿಲ್ಸನ್ ಆ ಡೈರಿಯನ್ನು ನೋಡಿ, ಸೇರಿಸಿದ ಸಾಲುಗಳ ಶಾಯಿ ಬೇರೆಯಾಗಿರುವುದನ್ನು ಅವಳಿಗೆ ತೋರಿಸುತ್ತಾನೆ. ಅಷ್ಟು ಎಚ್ಚರದ ಮನುಷ್ಯ, ಹದಿನೈದು ವರ್ಷ ಇತರರ ಕಾಗದಪತ್ರಗಳಲ್ಲಿ ಸುಳ್ಳನ್ನು ಹುಡುಕಿದ ಪೊಲೀಸ್ ಅಧಿಕಾರಿ, ಶಾಯಿಯನ್ನು ಮರೆತಿದ್ದ.

ಲೂಯಿಸ್ ಫಾದರ್ ರ‍್ಯಾಂಕ್ ಅವರ ಬಳಿ ಮಾತನಾಡುತ್ತಾಳೆ. ಅವನಿಗೆ ಇನ್ನು ಮೋಕ್ಷವಿಲ್ಲ ಎಂಬ ಧಾಟಿಯಲ್ಲಿ ಅವಳು ಹೇಳಿದಾಗ ಫಾದರ್ ಸಿಟ್ಟಾಗುತ್ತಾರೆ. ಧರ್ಮಸಭೆಗೆ ಎಲ್ಲ ನಿಯಮಗಳೂ ಗೊತ್ತು, ಒಂದೇ ಒಂದು ಮನುಷ್ಯ ಹೃದಯದಲ್ಲಿ ಏನು ನಡೆಯುತ್ತದೆ ಎಂಬುದು ಮಾತ್ರ ಗೊತ್ತಿಲ್ಲ ಎನ್ನುತ್ತಾರೆ. ಅಷ್ಟು ತಪ್ಪುದಾರಿ ಹಿಡಿದವನ ಬಗ್ಗೆ ಹೀಗೆ ಹೇಳುವುದು ವಿಚಿತ್ರವೆನಿಸಬಹುದು, ಆದರೆ ಅವನು ದೇವರನ್ನು ನಿಜವಾಗಿ ಪ್ರೀತಿಸುತ್ತಿದ್ದ ಎಂದು ನನಗೆ ಅನ್ನಿಸುತ್ತದೆ ಎಂ‌ದೂ ಹೇಳುತ್ತಾರೆ. ಬೇರೆ ಯಾರನ್ನೂ ಅವನು ಪ್ರೀತಿಸಲಿಲ್ಲ ಎಂಬುದಂತೂ ಖಂಡಿತ ಎಂದು ಲೂಯಿಸ್ ಉತ್ತರಿಸುತ್ತಾಳೆ. ಅವಳ ಆ ಮಾತನ್ನೂ ಫಾದರ್ ಅಲ್ಲಗಳೆಯುವುದಿಲ್ಲ.